ಬೆಟ್ಟದ ನೆತ್ತಿಯಲ್ಲೊಂದು ದಿನ

ಜಮಖಂಡಿ ತಾಲೂಕಿನ ತುಬಚಿಯು ಕೃಷ್ಣಾ ನದಿಯ ಸೀಮೆಯ ಗ್ರಾಮ. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಅದರ ಹೆಸರು ದೂರದೂರದವರೆಗೂ ಪರಿಚಿತವಾಗಿದೆ. ಹೊಳೆ, ಕಾಲುವೆ, ಕಬ್ಬಿನ ಹೊಲಗಳ ನಡುವೆ ಬೆಳೆದ ಇಲ್ಲಿನ ಮಕ್ಕಳಿಗೆ ನೀರು ಕಣ್ಣೆದುರಿನ ವಸ್ತು. ಆದರೆ ಇದೇ ಬಾಗಲಕೋಟೆ ಜಿಲ್ಲೆಯ ಬಾದಾಮಿಯಲ್ಲಿ ಕೆಂಪು ಮರಳುಗಲ್ಲಿನ ಬೆಟ್ಟಗಳಿವೆ. ಅವುಗಳ ನೆತ್ತಿಯಲ್ಲಿ ನಡೆಯುವವನಿಗೆ ತಾನು ಹೆಗಲಿಗೇರಿಸಿಕೊಂಡು ಬಂದ ನೀರೇ ಆಧಾರ. ಆದುದರಿಂದ ಬೆಟ್ಟದ ದಾರಿಯು ಪಾದಗಳಿಂದಲ್ಲ, ಮುಂದಾಲೋಚನೆಯಿಂದ ಆರಂಭವಾಗುತ್ತದೆ.

ಬಾದಾಮಿಯ ಅಗಸ್ತ್ಯತೀರ್ಥವನ್ನು ಬಳಸಿ ನಿಂತ ಬೆಟ್ಟಗಳನ್ನೇರಿ, ಪೂರ್ವಾಭಿಮುಖವಾಗಿ ಸಾಗಿದರೆ ಮಹಾಕೂಟವನ್ನು ಸೇರುವ ಕಾಲುದಾರಿಯೊಂದಿದೆ. ಅದರ ಉದ್ದ ಐದಾರು ಕಿಲೋಮೀಟರು ಮಾತ್ರ. ಆದರೆ ಅದು ಸಾಗುವ ನೆಲ ಅತಿ ಪ್ರಾಚೀನವಾದುದು. ಕೋಟಿಗಟ್ಟಲೆ ವರ್ಷಗಳ ಹಿಂದೆ ನೀರು ಹೊತ್ತು ತಂದ ಮರಳು ಪದರಪದರವಾಗಿ ಕೂಡಿ ಗಟ್ಟಿಗೊಂಡು ಈ ಬಂಡೆಗಳಾದುವು. ಕ್ರಿ.ಶ. 543ರಲ್ಲಿ ಮೊದಲನೆಯ ಪುಲಕೇಶಿಯು ಈ ಬೆಟ್ಟವನ್ನು ಕೋಟೆಯಾಗಿಸಿದನು. 578ರಲ್ಲಿ ಇಲ್ಲಿಯ ಮೂರನೆಯ ಗುಹಾಲಯವು ಮಂಗಲೇಶನಿಂದ ಸಿದ್ಧವಾಯಿತು. ಇಂಥ ದಾರಿಯನ್ನು ಅವಸರದಿಂದ ದಾಟುವುದು ಗ್ರಂಥದ ಹಾಳೆಗಳನ್ನು ಓದದೆ ಮಗುಚಿದಂತೆಯೇ ಸರಿ.

ಸಿದ್ಧತೆಯ ಮೊದಲ ಹೆಜ್ಜೆ ಕಾಲದ ಆಯ್ಕೆ. ಬೇಸಗೆಯಲ್ಲಿ ಮರಳುಗಲ್ಲು ಕಾದ ಹಂಚಿನಂತಾಗುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗಿನ ತಿಂಗಳುಗಳೇ ಈ ಚಾರಣಕ್ಕೆ ಉತ್ತಮ. ತುಬಚಿಯಿಂದ ಹೊರಡುವವರು ಮುನ್ನಾದಿನವೇ ಬಾದಾಮಿಯನ್ನು ತಲುಪಿ ತಂಗಿದರೆ ನಸುಕಿನ ತಂಪು ವ್ಯರ್ಥವಾಗದು.

ಎರಡನೆಯದು ಭೂಪಟದ ಅಧ್ಯಯನ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಎರಡು ಸೆಂಟಿಮೀಟರು ನೆಲದ ಮೇಲೆ ಒಂದು ಕಿಲೋಮೀಟರಿಗೆ ಸಮ. ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು ಒತ್ತಾಗಿದ್ದರೆ ಅಲ್ಲಿ ಕಡಿದಾದ ಇಳಿಜಾರು ಇದೆಯೆಂದೂ, ವಿರಳವಾಗಿದ್ದರೆ ನೆಲ ಮಟ್ಟಸವಾಗಿದೆಯೆಂದೂ ತಿಳಿಯಬೇಕು. ನಕ್ಷೆ ಹೇಳದುದನ್ನು ದಾರಿ ಬಲ್ಲ ಊರವರು ಹೇಳುತ್ತಾರೆ. ಅವರಲ್ಲೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಜಾಣತನ.

ಮೂರನೆಯದು ವೇಳೆಯ ಲೆಕ್ಕ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟನು. ಅದರ ಸಾರವಿಷ್ಟು: ಐದು ಕಿಲೋಮೀಟರಿಗೆ ಒಂದು ಗಂಟೆ, ಏರಬೇಕಾದ ಪ್ರತಿ ಆರುನೂರು ಮೀಟರಿಗೆ ಮತ್ತೊಂದು ಗಂಟೆ. ದಾರಿ ಆರು ಕಿಲೋಮೀಟರು, ಏರು ನೂರು ಮೀಟರು ಎಂದಿಟ್ಟುಕೊಂಡರೆ 72 ನಿಮಿಷಕ್ಕೆ 10 ಕೂಡಿ 82 ನಿಮಿಷಗಳಾಗುತ್ತವೆ. ಆದರೆ ಇದು ನಿಲ್ಲದೆ ನಡೆಯುವ ದೃಢಕಾಯರ ಲೆಕ್ಕ. ವಿದ್ಯಾರ್ಥಿಗಳ ಗುಂಪು ಅದನ್ನು ಇಮ್ಮಡಿಗೊಳಿಸಿ, ವಿಶ್ರಾಂತಿಗೆ ಅರ್ಧ ಗಂಟೆ ಸೇರಿಸಿಕೊಳ್ಳುವುದು ಕ್ಷೇಮ. ಬೆಳಿಗ್ಗೆ ಆರೂವರೆಗೆ ಹೊರಟರೆ ಹತ್ತು ಗಂಟೆಯೊಳಗೆ ಮಹಾಕೂಟದ ಮರಗಳ ನೆರಳು ದೊರೆಯುತ್ತದೆ.

ಇನ್ನು ಬುತ್ತಿಯ ಮಾತು. ಸಜ್ಜೆಯ ಕಟಿ ರೊಟ್ಟಿ, ಶೇಂಗಾ ಹಿಂಡಿ, ಮಹಾಲಿಂಗಪುರದ ಬೆಲ್ಲ — ಕೆಡದೆ ಉಳಿಯುವ, ಬಲ ಕೊಡುವ ಆಹಾರಕ್ಕಾಗಿ ಈ ಸೀಮೆಯವರು ಬೇರೆಲ್ಲೂ ಹುಡುಕಬೇಕಾಗಿಲ್ಲ. ಬಾದಾಮಿಯ ಮಂಗಗಳ ಕಣ್ಣಿಗೆ ಬೀಳದಂತೆ ಅದನ್ನು ಚೀಲದೊಳಗೇ ಇಡಬೇಕು. ನೀರು ಒಬ್ಬೊಬ್ಬರಿಗೂ ಮೂರು ಲೀಟರು ಬೇಕು. ಮೂವತ್ತು ಮಂದಿಗೆ ತೊಂಬತ್ತು ಲೀಟರಾಗುವುದರಿಂದ ಒಬ್ಬರ ಹೊರೆಯನ್ನು ಮತ್ತೊಬ್ಬರು ಹೊರುವಂತಿಲ್ಲ. ತನ್ನ ನೀರು ತನ್ನ ಹೆಗಲ ಮೇಲೆ.

ಅಪಾಯಗಳನ್ನೂ ಮೊದಲೇ ಅರಿತಿರಬೇಕು. ಕಡಿಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟುವುದುಂಟು. ಅಲ್ಲಿ ಹೊಗೆ ಹಾಕುವುದಾಗಲಿ, ಕಲ್ಲೆಸೆಯುವುದಾಗಲಿ ಸಲ್ಲದು. ಮಿಂಚು ಕಂಡು ಮೂವತ್ತು ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ. ಆಗ ನೆತ್ತಿಯನ್ನೂ ಒಂಟಿ ಮರವನ್ನೂ ತೊರೆದು ತಡಮಾಡದೆ ಕೆಳಗಿಳಿಯಬೇಕು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯದೆ, ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು. ತುರ್ತು ಕರೆಯ ಸಂಖ್ಯೆ 112. ಆದರೂ ಬೆಟ್ಟದ ಮೇಲೆ ಮೊಬೈಲಿನ ಸಂಪರ್ಕವನ್ನೇ ನೆಚ್ಚಿಕೊಂಡಿರಬಾರದು. ಹೋಗುವ ದಾರಿ, ಮರಳುವ ವೇಳೆ, ಗುಂಪಿನ ಹೆಸರುಗಳು — ಇವನ್ನು ಬರೆದು ಊರಿನಲ್ಲಿ ನಂಬಿಕಸ್ಥರ ಕೈಗೆ ಕೊಟ್ಟು ಹೊರಡಬೇಕು.

ಎಲ್ಲಕ್ಕಿಂತ ಕಠಿಣವಾದುದು ಹಿಂದಿರುಗುವ ನಿರ್ಧಾರ. ಒಂಬತ್ತು ಗಂಟೆಯಾದರೂ ಅರ್ಧ ದಾರಿ ಸಾಗದಿದ್ದರೆ, ಅಥವಾ ಯಾರಾದರೊಬ್ಬರು ಬಳಲಿದರೆ, ಗುಂಪೆಲ್ಲವೂ ಮರಳಬೇಕು. ಈ ನಿಯಮವನ್ನು ಬೆಟ್ಟದ ಬುಡದಲ್ಲೇ ಒಪ್ಪಿಕೊಂಡಿರಬೇಕು. ಗುರಿ ಕಣ್ಣಿಗೆ ಕಾಣತೊಡಗಿದ ಮೇಲೆ ಆಸೆಯು ವಿವೇಕವನ್ನು ಮರೆಮಾಡುತ್ತದೆ. ನಿಧಾನವಾಗಿ ನಡೆಯುವವನು ಮುಂದಿರಲಿ, ಅನುಭವಿಯು ಹಿಂದಿರಲಿ. ಮುಂದಿನವನ ನಡಿಗೆಯೇ ಎಲ್ಲರ ನಡಿಗೆಯಾದಾಗ ಯಾರೂ ಒಂಟಿಯಾಗುವುದಿಲ್ಲ. ಬಲ್ಲಿದನು ಬಲವಿಲ್ಲದವನಿಗಾಗಿ ಹೆಜ್ಜೆಯನ್ನು ತಗ್ಗಿಸುವುದು ಸೋಲಲ್ಲ, ಅದು ಸಹಬಾಳ್ವೆಯ ಮೊದಲ ಪಾಠ.

ಸಾವಿರದ ನಾನೂರು ವರ್ಷಗಳಿಗೂ ಮಿಗಿಲಾಗಿ ಉಳಿದು ಬಂದ ಶಿಲ್ಪದ ಮೇಲೆ ಹೆಸರು ಕೆತ್ತದೆ, ದಾರಿಯಲ್ಲಿ ಕಸ ಉಳಿಸದೆ ಬರುವ ವಿದ್ಯಾರ್ಥಿಯು ಬೆಟ್ಟವನ್ನು ತನ್ನ ಹಿಂದೆ ಬರುವವರಿಗೆ ಒಪ್ಪಿಸುತ್ತಾನೆ. ಎಲ್ಲರೂ ಕೂಡಿ ಹೋಗಿ, ಎಲ್ಲರೂ ಕೂಡಿ ಮರಳುವುದರಲ್ಲೇ ಚಾರಣದ ಸಾರ್ಥಕತೆಯಿದೆ.

ಅಭ್ಯಾಸ

1. ಬಾದಾಮಿಯ ಬಂಡೆಗಳು ಹೇಗೆ ಉಂಟಾದುವು?
2. ದಾರಿ ಹತ್ತು ಕಿಲೋಮೀಟರು, ಏರು ಮುನ್ನೂರು ಮೀಟರು ಇದ್ದರೆ ನೇಸ್ಮಿತನ ಸೂತ್ರದಂತೆ ಎಷ್ಟು ವೇಳೆ ಬೇಕು?
3. ಹಿಂದಿರುಗುವ ನಿಯಮವನ್ನು ಬೆಟ್ಟದ ಬುಡದಲ್ಲೇ ಏಕೆ ಒಪ್ಪಿಕೊಳ್ಳಬೇಕು?
4. ನಿಮ್ಮ ಊರಿಗೆ ಸಮೀಪದ ಬೆಟ್ಟವೊಂದಕ್ಕೆ ಒಂದು ದಿನದ ಚಾರಣದ ಯೋಜನೆಯನ್ನು ಬರೆಯಿರಿ.