ಹಾಡಿಯ ಅಣಬೆ: ಗುರುತು ಮೊದಲು, ಅಡಿಗೆ ಆಮೇಲೆ

ಉಡುಪಿ ಜಿಲ್ಲೆಯ ರೈತ ಕುಟುಂಬಗಳಿಗೆ ಕಾಡಣಬೆ ಹೊಸದಲ್ಲ. ಕಾರ್ಕಳದ ಹಾಡಿಗಳಲ್ಲಿ, ಮಣಿಪಾಲದ ಸುತ್ತಲಿನ ಮುರಕಲ್ಲಿನ ಗುಡ್ಡೆಗಳಲ್ಲಿ, ಕಾಪುವಿನ ತೆಂಗಿನ ತೋಟಗಳಲ್ಲಿ ಮಳೆ ಬಿದ್ದೊಡನೆ ಒಂದಲ್ಲ ಒಂದು ಜಾತಿಯ ಅಣಬೆ ತಲೆ ಎತ್ತುತ್ತದೆ. ತುಳುವಿನಲ್ಲಿ ಲಾಂಬು ಎಂದು ಕರೆಯುವ ಇದು ಕಣಿಲೆ, ಕೆಸುವಿನೊಂದಿಗೆ ಮಳೆಗಾಲದ ಅಡಿಗೆಯಲ್ಲಿ ಹಿಂದಿನಿಂದಲೂ ಸ್ಥಾನ ಪಡೆದಿದೆ.

ಆದರೆ ಇದೇ ಆಹಾರ ಪ್ರಾಣಕ್ಕೂ ಎರವಾಗಬಹುದು. 2022ರ ನವೆಂಬರಿನಲ್ಲಿ ಕಾರ್ಕಳಕ್ಕೆ ಹೊಂದಿಕೊಂಡಿರುವ ಬೆಳ್ತಂಗಡಿ ತಾಲೂಕಿನ ಗ್ರಾಮವೊಂದರಲ್ಲಿ ಕಾಡಣಬೆಯ ಪದಾರ್ಥ ಉಂಡ ತಂದೆ ಮತ್ತು ಮಗ ಮೃತಪಟ್ಟದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಮಳೆ ಹಿಂದೆ ಸರಿದು ಏಣೆಲು ಬೆಳೆಯ ಕಟಾವು ನಡೆಯುವ ಈ ಅವಧಿಯಲ್ಲಿ ಜನರಿಗೆ ಚೆನ್ನಾಗಿ ಪರಿಚಯವಿರುವ ಜಾತಿಗಳು ಕಡಿಮೆಯಾಗುತ್ತವೆ. ತರಗೆಲೆಗಳ ನಡುವೆ ಬೇರೆ ಜಾತಿಗಳು ಕಾಣಿಸಿಕೊಳ್ಳುತ್ತವೆ. ಆದುದರಿಂದ ಎಚ್ಚರಿಕೆ ಹೆಚ್ಚು ಬೇಕಾದ ಕಾಲ ಇದು.

ಮನೆಯ ಪರೀಕ್ಷೆಗಳು ನಂಬಲರ್ಹವಲ್ಲ

ವಿಷದ ಅಣಬೆಯನ್ನು ಕಂಡುಹಿಡಿಯಲು ಹಲವು ಪರೀಕ್ಷೆಗಳು ಬಳಕೆಯಲ್ಲಿವೆ. ಬೇಯುವಾಗ ಬೆಳ್ಳಿಯ ನಾಣ್ಯ ಕಪ್ಪಾದರೆ ವಿಷ. ಬೆಳ್ಳುಳ್ಳಿ ಅಥವಾ ಅಕ್ಕಿಯ ಬಣ್ಣ ಬದಲಾದರೆ ವಿಷ. ಹುಳು ತಿಂದಿದ್ದರೆ ಮನುಷ್ಯನೂ ತಿನ್ನಬಹುದು. ಟೊಪ್ಪಿಯ ಸಿಪ್ಪೆ ಸುಲಿದು ಬಂದರೆ ಒಳ್ಳೆಯದು ಎಂಬ ನಂಬಿಕೆಗಳು ಇವೆ. ಇವುಗಳಲ್ಲಿ ಯಾವುದಕ್ಕೂ ಆಧಾರವಿಲ್ಲ. ಅತಿ ಮಾರಕವಾದ ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷಕ್ಕೆ ಬೆಳ್ಳಿಯೊಡನೆ ಯಾವ ಸಂಬಂಧವೂ ಇಲ್ಲ. ಹುಳುಗಳು, ಬಸವನಹುಳುಗಳು ಇಂತಹ ಅಣಬೆಯನ್ನು ತಿಂದೂ ಬದುಕುತ್ತವೆ. ಕುದಿಸುವುದು, ಒಣಗಿಸುವುದು, ಉಪ್ಪು ಹುಳಿ ಹಾಕುವುದು ಯಾವುದರಿಂದಲೂ ಈ ವಿಷ ನಾಶವಾಗದು.

ಎಲ್ಲ ವಿಷದ ಅಣಬೆಗಳಿಗೂ ಸಮಾನವಾದ ಒಂದು ಲಕ್ಷಣವಿಲ್ಲ. ಆದುದರಿಂದ ವಿಷವನ್ನು ಪರೀಕ್ಷಿಸಲು ಹೋಗದೆ, ತಿನ್ನುವ ಜಾತಿಯನ್ನು ಅದರ ನೆಲೆ, ಕಾಲ ಮತ್ತು ಅಂಗಗಳಿಂದ ನಿಶ್ಚಿತವಾಗಿ ಗುರುತಿಸುವುದೊಂದೇ ಸರಿಯಾದ ದಾರಿ.

ಕಲ್ಲಣಬೆ

ಅಸ್ಟ್ರೇಯಸ್ ಕುಲಕ್ಕೆ ಸೇರಿದ ಇದು ಮುಂಗಾರಿನ ಆರಂಭದ ಮಳೆಗೆ ಮುರಕಲ್ಲಿನ ಮಣ್ಣಿನಲ್ಲಿ, ಅರ್ಧ ಹೂತಂತೆ ಗೋಲಿಯಾಕಾರದಲ್ಲಿ ಕಾಣಿಸುತ್ತದೆ. ಇದು ಮರಗಳ ಬೇರಿನೊಡನೆ ಸಹಜೀವನ ನಡೆಸುತ್ತದೆ. ಆದ್ದರಿಂದ ಹಾಡಿಯ ಮರ ಕಡಿದರೆ ಕಲ್ಲಣಬೆಯೂ ಇಲ್ಲವಾಗುತ್ತದೆ.

ಪ್ರತಿಯೊಂದು ಗೆಡ್ಡೆಯನ್ನೂ ಮೇಲಿನಿಂದ ಕೆಳಕ್ಕೆ ಸೀಳಿ ನೋಡಬೇಕು. ಒಳಭಾಗವು ಎಲ್ಲೆಡೆ ಒಂದೇ ಸಮನಾಗಿ ಬೆಳ್ಳಗಿದ್ದರೆ ಎಳೆಯದು. ಕಂದು ಅಥವಾ ಕಪ್ಪು ಹುಡಿಯಾಗಿದ್ದರೆ ಬಲಿತದ್ದು, ಅದನ್ನು ಬಿಡಬೇಕು. ನೇರಳೆಗಪ್ಪು ಬಣ್ಣವಿದ್ದರೆ ಅದು ವಿಷಕಾರಿಯಾದ ಸ್ಕ್ಲೆರೋಡರ್ಮಾ ಆಗಿರಬಹುದು. ಒಳಗೆ ಎಳೆಯ ಟೊಪ್ಪಿ ಮತ್ತು ಕಾಂಡದ ಆಕಾರ ಮೂಡಿದ್ದರೆ ಅದು ಕಲ್ಲಣಬೆಯೇ ಅಲ್ಲ, ಇನ್ನೂ ಅರಳದ ಅಮಾನಿಟಾ ಇದ್ದೀತು. ಅದನ್ನು ಎಸೆಯಬೇಕು.

ಹುತ್ತದ ಅಣಬೆ

ಗೆದ್ದಲುಗಳು ಹುತ್ತದೊಳಗೆ ಜೇನುಹಟ್ಟಿಯಂತಹ ತೋಟ ಕಟ್ಟಿ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತವೆ. ಮಳೆಯಿಂದ ಮಣ್ಣು ನೆನೆದಾಗ ಅದೇ ಶಿಲೀಂಧ್ರ ಹೊರಕ್ಕೆ ಅಣಬೆಯಾಗಿ ಏಳುತ್ತದೆ. ಟೊಪ್ಪಿಯ ನಡುವೆ ಮೊನೆಯಾದ ಉಬ್ಬು ಇರುತ್ತದೆ. ದೊಡ್ಡ ಜಾತಿಗಳಲ್ಲಿ ಕಾಂಡವು ಬೇರಿನಂತೆ ಉದ್ದವಾಗಿ ಹುತ್ತದ ತೋಟದವರೆಗೆ ಇಳಿದಿರುತ್ತದೆ.

ಅಮಾನಿಟಾ ಕುಲದ ಅಣಬೆಗಳಲ್ಲೂ ಟೊಪ್ಪಿಯ ಕೆಳಗಿನ ಎಸಳುಗಳು ಸಾಮಾನ್ಯವಾಗಿ ಬಿಳಿಯಾಗಿರುವುದರಿಂದ ತಪ್ಪು ಗ್ರಹಿಕೆಗೆ ಅವಕಾಶವಿದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿರುವ ಈ ಕುಲದ ಕೆಲವು ಜಾತಿಗಳು ಮಾರಕವಾದವು. ಅಮಾನಿಟಾದ ಬುಡದಲ್ಲಿ ಚೀಲ ಅಥವಾ ಬಟ್ಟಲಿನಂತಹ ಹೊದಿಕೆ, ಹಲವು ಜಾತಿಗಳಲ್ಲಿ ಕಾಂಡದ ಸುತ್ತ ಉಂಗುರ ಇರುತ್ತದೆ. ಕಿತ್ತರೆ ಈ ಚೀಲ ಮಣ್ಣಿನಲ್ಲೇ ಉಳಿದು ಗುರುತು ತಪ್ಪುತ್ತದೆ. ಆದುದರಿಂದ ಪರಿಶೀಲನೆಗೆ ಒಂದನ್ನು ಕತ್ತಿಯ ತುದಿಯಿಂದ ಬುಡ ಸಹಿತ ಬಿಡಿಸಿ ನೋಡಬೇಕು. ಚೀಲವಿದ್ದ ಅಣಬೆ ಎಷ್ಟೇ ಚೆಂದವಿದ್ದರೂ ಮುಟ್ಟಬಾರದು. ಚೀಲ ಕಾಣದಿದ್ದ ಮಾತ್ರಕ್ಕೆ ಅದು ತಿನ್ನಲು ಯೋಗ್ಯವೆಂದೂ ತಿಳಿಯಬಾರದು.

ತೋಟದ ಅಣಬೆ

ಹುಲ್ಲು ಬೆಳೆದ ತೆಂಗಿನ ತೋಟ, ಅಂಗಳದ ಬದಿಗಳಲ್ಲಿ ದೊಡ್ಡ ಬಿಳಿ ಟೊಪ್ಪಿಯ ಮೇಲೆ ಕಂದು ಹೊಪ್ಪಳೆಗಳಿರುವ, ಕಾಂಡಕ್ಕೆ ಉಂಗುರವಿರುವ ಅಣಬೆ ಕಂಡರೆ ಅದು ಕ್ಲೋರೋಫಿಲ್ಲಮ್ ಆಗಿರಬಹುದು. ಇದರ ಎಸಳುಗಳು ಎಳೆಯದರಲ್ಲಿ ಬಿಳಿಯಾಗಿದ್ದು, ಬಲಿತಂತೆ ಹಸಿರುಛಾಯೆ ಪಡೆಯುತ್ತವೆ. ಇದನ್ನು ತಿಂದವರಿಗೆ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ, ಭೇದಿ ಉಂಟಾಗುತ್ತದೆ.

ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ್ದರೆ, ಅಥವಾ ಹುತ್ತಕ್ಕೆ ಗೆದ್ದಲುನಾಶಕ ಹಾಕಿದ್ದರೆ, ಅಲ್ಲಿ ಎದ್ದದ್ದು ಒಳ್ಳೆಯ ಜಾತಿಯಾದರೂ ಬಳಸಬಾರದು. ಅಣಬೆಗಳು ಮಣ್ಣಿನಿಂದ ತಾಮ್ರ ಮೊದಲಾದ ಲೋಹಗಳನ್ನು ಹೀರಿಕೊಳ್ಳುತ್ತವೆ.

ವಿಷ ತಗಲಿದಾಗ

ಅಮಾಟಾಕ್ಸಿನ್ ವಿಷದ ಅತ್ಯಂತ ಅಪಾಯಕಾರಿ ಗುಣವೆಂದರೆ ತಡ. ಉಂಡ ಬಳಿಕ ಸಾಮಾನ್ಯವಾಗಿ 6ರಿಂದ 24 ಗಂಟೆಗಳವರೆಗೆ ಏನೂ ಆಗುವುದಿಲ್ಲ. ನಂತರ ವಾಂತಿ, ನೀರಿನಂತಹ ಭೇದಿ, ಹೊಟ್ಟೆನೋವು ಶುರುವಾಗುತ್ತದೆ. ಬಳಿಕ ಒಂದು ದಿನದ ಮಟ್ಟಿಗೆ ರೋಗಿ ಚೇತರಿಸಿಕೊಂಡಂತೆ ತೋರುತ್ತದೆ. ಮನೆಯವರು ಗುಣವಾಯಿತೆಂದು ಸಮಾಧಾನಪಡುವ ಈ ಹೊತ್ತಿನಲ್ಲೇ ವಿಷವು ಯಕೃತ್ತನ್ನು ಕೆಡಿಸುತ್ತಿರುತ್ತದೆ.

ಆದ್ದರಿಂದ ಅನುಮಾನ ಬಂದೊಡನೆ, ಅದೇ ಪದಾರ್ಥ ಉಂಡ ಎಲ್ಲರನ್ನೂ, ತೊಂದರೆ ಕಾಣಿಸದವರನ್ನು ಸಹ, ಆಸ್ಪತ್ರೆಗೆ ಕರೆದೊಯ್ಯಬೇಕು. ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಅಥವಾ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆ ತಲಪುವಲ್ಲಿ ವಿಳಂಬ ಸಲ್ಲದು. ಉಳಿದ ಹಸಿ ಅಣಬೆಯನ್ನು ಕಾಗದದಲ್ಲಿ ಕಟ್ಟಿ, ಉಳಿದ ಪದಾರ್ಥದೊಡನೆ ಜೊತೆಗೆ ಒಯ್ಯಬೇಕು. ಉಂಡ ಸಮಯವನ್ನು ವೈದ್ಯರಿಗೆ ತಿಳಿಸಬೇಕು. ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು.

ಅನುಸರಿಸಬೇಕಾದ ಕ್ರಮಗಳು

1. ಹಿರಿಯ ಅನುಭವಿಗಳೊಡನೆ ಹಾಡಿಗೆ ಹೋಗಿ ಒಂದೊಂದೇ ಜಾತಿಯನ್ನು ಹಲವು ಮಳೆಗಾಲ ನೋಡಿ ಕಲಿಯಬೇಕು. ಚಿತ್ರ ನೋಡಿ ನಿರ್ಧರಿಸಬಾರದು.

2. ಬೇರೆ ಬೇರೆ ಜಾತಿಗಳನ್ನು ಒಂದೇ ಬುಟ್ಟಿಯಲ್ಲಿ ಬೆರೆಸಬಾರದು. ಅಡಿಗೆಗೆ ಮೊದಲು ಒಂದೊಂದನ್ನೂ ಮತ್ತೆ ನೋಡಬೇಕು.

3. ಸಂಶಯವಿರುವುದನ್ನು ಮಾರಬಾರದು, ನೆರೆಮನೆಗೂ ಕೊಡಬಾರದು.

4. ಹುತ್ತ ಅಗೆಯಬಾರದು, ತರಗೆಲೆಗೆ ಬೆಂಕಿ ಕೊಡಬಾರದು. ಒಂದು ಭಾಗವನ್ನು ಬೀಜಕಣ ಉದುರಲು ಬಿಡಬೇಕು.

5. ಸೋಮೇಶ್ವರ ಅಭಯಾರಣ್ಯ ಮತ್ತು ಕುದುರೆಮುಖ ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಅಣಬೆ ಸಂಗ್ರಹಕ್ಕೆ ಇಳಿಯಬಾರದು.

ಏಣೆಲು ಕಟಾವಿನ ನಂತರ ಬೈಹುಲ್ಲು ಕೈಯಲ್ಲಿರುತ್ತದೆ. ಅದನ್ನು ನೆನೆಸಿ, ಬಿಸಿನೀರಿನಲ್ಲಿ ಸಂಸ್ಕರಿಸಿ, ಬೀಜ ಹಾಕಿ ಚಿಪ್ಪಣಬೆ ಬೆಳೆದರೆ ಸುಮಾರು 3ರಿಂದ 4 ವಾರಗಳಲ್ಲಿ ಮೊದಲ ಕೊಯಿಲು ದೊರೆಯುತ್ತದೆ. 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದಕ್ಕೆ ಹಿತಕರ. ಆಸಕ್ತ ರೈತರು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹಾಡಿಯಲ್ಲಿ ಗುರುತು ಸಿಗದ ಅಣಬೆಯನ್ನು ಅಲ್ಲಿಯೇ ಬಿಟ್ಟು, ಅಣಬೆಯ ರುಚಿಯನ್ನು ಮನೆಯಲ್ಲಿ ಬೆಳೆದು ಸವಿಯುವುದು ಕ್ಷೇಮಕರ.