ದರಪಟ್ಟಿಗೆ ಮೊದಲು ಹೊಂದಾಣಿಕೆ

ಹತ್ತನೇ ತರಗತಿಗೆ ‘ಕಡಿಮೆ ಖರ್ಚಿನ ಗೇಮಿಂಗ್ ಕಂಪ್ಯೂಟರ್’ ಕುರಿತು ಅಭ್ಯಾಸ ಪಾಠ ಮಾಡಿದೆ. 50,000 ರೂಪಾಯಿಯ ಮಿತಿಯೊಳಗೆ ಬಿಡಿಭಾಗಗಳನ್ನು ಆರಿಸಲು ಹೇಳಿದಾಗ ಎಲ್ಲ ಗುಂಪುಗಳೂ ಗ್ರಾಫಿಕ್ಸ್ ಕಾರ್ಡಿಗೇ ಹಣ ಸುರಿದವು. ತಪ್ಪು ನನ್ನದೇ; ದರಪಟ್ಟಿಯನ್ನು ಮೊದಲೇ ಹಂಚಿಬಿಟ್ಟಿದ್ದೆ.

ಮರುಪಾಠದಲ್ಲಿ ಪಟ್ಟಿ ಕೊಡಲಿಲ್ಲ. ಕಪ್ಪುಹಲಗೆಯ ಮೇಲೆ ಒಂದೇ ಪ್ರೊಸೆಸರಿನ ಹೆಸರು ಬರೆದೆ: ರೈಜನ್ 5 5600. ಇದಕ್ಕೆ ಎಎಂ4 ಸಾಕೆಟ್ಟಿನ ಮದರ್‌ಬೋರ್ಡೇ ಬೇಕು. ಆ ಬೋರ್ಡಿಗೆ ಡಿಡಿಆರ್4 ರ‍್ಯಾಮ್ ಮಾತ್ರ. ಡಿಡಿಆರ್5ರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಕೂರುವುದೇ ಇಲ್ಲ. ಈ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲದ ಕಾರಣ, ಕಾರ್ಡ್ ಇಲ್ಲದಿದ್ದರೆ ಪರದೆಯ ಮೇಲೆ ಏನೂ ಮೂಡದು.

“ಸರ್, ಅಪ್ಪ ಒಂದೇ ಸಲ ಅಷ್ಟು ದುಡ್ಡು ಕೊಡಲ್ಲ. ಕಾರ್ಡು ಮುಂದಿನ ವರ್ಷ ತಗೊಂಡ್ರೆ?” ಎಂದನೊಬ್ಬ. ತರಗತಿ ತಲೆಯೆತ್ತಿದ್ದು ಆಗ. ಹಾಗಾದರೆ 5600ಜಿ ಎಂದೆ. ಗ್ರಾಫಿಕ್ಸ್ ಅದರೊಳಗೇ ಇದೆ. ಹಗುರವಾದ ಆಟಗಳು ನಡೆಯುತ್ತವೆ. ಆದರೆ ಎಲ್3 ಕ್ಯಾಶ್ 32 ಎಂಬಿಯ ಬದಲು 16. ಮುಂದೆ ಕಾರ್ಡ್ ಹಾಕಿದರೂ ಆ ಕೊರತೆ ಉಳಿಯುತ್ತದೆ. ಯಾವುದು ಮೇಲೆಂದು ನಾನು ತೀರ್ಪು ಕೊಡಲಿಲ್ಲ, ಮಕ್ಕಳೇ ವಾದಿಸಿದರು.

ಕೊನೆಗೆ ವಿದ್ಯುತ್ತಿನ ಲೆಕ್ಕ: ಪ್ರೊಸೆಸರ್ 65 ವಾಟ್, ಆರ್‌ಟಿಎಕ್ಸ್ 3060 ಕಾರ್ಡ್ 170. “ಮತ್ತೆ ಕಂಪನಿ 550 ವಾಟಿನ ಪವರ್ ಸಪ್ಲೈ ಹಾಕಿ ಅನ್ನೋದ್ಯಾಕೆ?” ಎಂದು ಒಬ್ಬಳು ಕೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ಪಾಠ ಅಲ್ಲಿಂದಲೇ.