ಮೂಳೆಗೊಂದು ಸಾಲು, ಹಲ್ಲಿಗೊಂದು ಸಾಲು

ಅಂಗವಿಕಲ ಮಕ್ಕಳ ಚಿಕಿತ್ಸೆಯ ಚರಿತ್ರೆ ಓದಲು ಹೊರಟವರು ಮೊದಲು ಒಂದು ಮಾತು ನೆನಪಿಡಬೇಕು: ಮಗು ಬೆಳೆಯುತ್ತದೆ. ಮೂಳೆ ಉದ್ದವಾಗುತ್ತಲೇ ಇರುತ್ತದೆ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುತ್ತದೆ. ಆದ್ದರಿಂದ ಆಸ್ಪತ್ರೆಗೆ ಒಮ್ಮೆ ಹೋದರೆ ಸಾಲದು, ವರ್ಷಗಟ್ಟಲೆ ಹೋಗುತ್ತಿರಬೇಕು. ಕೊಚ್ಚಿ ಮತ್ತು ತಿರುವನಂತಪುರಗಳನ್ನು ಮುಂದಿಟ್ಟುಕೊಂಡು ಇದನ್ನು ನಿಧಾನವಾಗಿ ನೋಡೋಣ.

ತಿರುವನಂತಪುರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 1951ರಲ್ಲಿ, ದಂತ ವೈದ್ಯಕೀಯ ಕಾಲೇಜು 1959ರಲ್ಲಿ. ಎರಡೂ ಈಗಿನ ಕೇರಳಕ್ಕೆ ಮೊದಲನೆಯವು. ಕೊಚ್ಚಿಯ ಕಡೆಯವರಿಗೆ ಹತ್ತಿರವಿದ್ದುದು ಹಳೆಯ ಎರ್ನಾಕುಲಂ ಜನರಲ್ ಆಸ್ಪತ್ರೆ. ಹೆಚ್ಚಿನ ತಜ್ಞರು ಬೇಕೆಂದರೆ ಸುಮಾರು 200 ಕಿಲೋಮೀಟರ್ ದಕ್ಷಿಣಕ್ಕೆ ಹೋಗಬೇಕಿತ್ತು. ಕೊಟ್ಟಾಯಂ ಮೂಲಕ ರೈಲುಮಾರ್ಗ ಪೂರ್ತಿಯಾದದ್ದು 1958ರಲ್ಲಿ. 1976ರವರೆಗೂ ಅದು ಮೀಟರ್ ಗೇಜ್. 1960ರ ದಶಕದ ಆರಂಭದಲ್ಲಿ ಕೊಟ್ಟಾಯಂ, ಆಲಪ್ಪುಳಗಳಲ್ಲಿ ವೈದ್ಯಕೀಯ ಕಾಲೇಜುಗಳಾದ ಮೇಲೆ ಮೂಳೆ ಚಿಕಿತ್ಸೆಯ ದಾರಿ ಮೊಟಕಾಯಿತು. ಕೊಟ್ಟಾಯಂಗೆ ಸರ್ಕಾರಿ ದಂತ ಕಾಲೇಜು ಬಂದದ್ದು ಮಾತ್ರ ಈ ಶತಮಾನದಲ್ಲಿ.

ಮೂಳೆ ವಿಭಾಗಕ್ಕೆ ಬರುತ್ತಿದ್ದ ಮಕ್ಕಳಲ್ಲಿ ಪೋಲಿಯೊ ತಗುಲಿದವರು ಬಹಳ. ಪೋಲಿಯೊ ವೈರಸ್ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳನ್ನು ಕೊಲ್ಲುತ್ತದೆ. ಮುಟ್ಟಿದರೆ ಮಗುವಿಗೆ ತಿಳಿಯುತ್ತದೆ, ಕಾಲು ಎತ್ತಲು ಆಗುವುದಿಲ್ಲ. ಶಕ್ತಿ ಉಳಿದ ಸ್ನಾಯು ಒಂದೇ ಕಡೆಗೆ ಎಳೆದು ಕೀಲು ಮಡಚಿಕೊಳ್ಳುತ್ತದೆ. ಅದನ್ನು ತಡೆಯಲು ಕೊಡುತ್ತಿದ್ದುದು ಕ್ಯಾಲಿಪರ್: ಕಾಲಿನ ಎರಡೂ ಬದಿಗೆ ಲೋಹದ ಸರಳು, ತೊಡೆಗೂ ಮೊಣಕಾಲಿಗೂ ಚರ್ಮದ ಪಟ್ಟಿ, ಕೆಳಗೆ ಗಟ್ಟಿ ಬೂಟು. ನಿಲ್ಲುವಾಗ ಮೊಣಕಾಲಿನ ಬಳಿ ಕೊಂಡಿ ಹಾಕಬೇಕು, ಕೂರುವಾಗ ತೆಗೆಯಬೇಕು. ಕಾಲು ಬೆಳೆದಂತೆ ಸರಳು ಗಿಡ್ಡವಾಗುತ್ತದೆ, ಪಟ್ಟಿ ಬಿಗಿಯುತ್ತದೆ, ಬೂಟು ಕಚ್ಚುತ್ತದೆ. ಬದಲಿಸದಿದ್ದರೆ ಹುಣ್ಣಾಗಿ, ಮಗು ಅದನ್ನು ಬಿಚ್ಚಿಟ್ಟು ಮತ್ತೆ ತೆವಳುತ್ತದೆ. ಚಿಕಿತ್ಸೆ ಉಚಿತವಾಗಿದ್ದರೂ ಪ್ರಯಾಣಕ್ಕೆ ದುಡ್ಡು ಬೇಕು, ತಂದೆತಾಯಿಯ ಕೂಲಿಯೂ ತಪ್ಪುತ್ತದೆ. ಎಷ್ಟೋ ಕಾಲುಗಳ ಭವಿಷ್ಯ ತೀರ್ಮಾನವಾಗುತ್ತಿದ್ದುದು ಇಲ್ಲಿಯೇ.

ಈಗ ಬಾಯಿಗೆ ಬರೋಣ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ನಾಲಿಗೆ ಕೆನ್ನೆಯ ಸಂದಿಯಲ್ಲಿ ಸಿಕ್ಕಿದ ಅನ್ನವನ್ನು ಸುಲಭವಾಗಿ ಹೊರತರಲಾರದು. ಮೆದುವಾಗಿ ಕಲಸಿದ ಊಟ ಹಲ್ಲಿಗೆ ಅಂಟುತ್ತದೆ, ಸಿಹಿ ಸಿರಪ್ಪು ಹುಳುಕಿಗೆ ದಾರಿ ಮಾಡುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಕೆಲವರಲ್ಲಿ ಒಸಡನ್ನು ಊದಿಸಿ ಹಲ್ಲನ್ನು ಅರ್ಧ ಮುಚ್ಚಿಬಿಡುತ್ತದೆ. ಬಾಯಿ ತೆರೆದು ಅಲುಗದೆ ಕೂರಲಾಗದ ಮಗುವಿನ ಹಲ್ಲು ತುಂಬಲು ಎಷ್ಟೋ ಸಲ ಪೂರ್ಣ ಅರಿವಳಿಕೆ ಬೇಕು. ಅದಕ್ಕೆ ಆಪರೇಷನ್ ಥಿಯೇಟರೂ ಅರಿವಳಿಕೆ ವೈದ್ಯರೂ ಬೇಕು. ಅವು ಸಿಗದ ಕಡೆ ಉಳಿಯುವ ದಾರಿ ಹಲ್ಲು ಕೀಳುವುದೊಂದೇ. ಹಾಲಿನ ದವಡೆಹಲ್ಲು ಬೇಗ ಹೋದರೆ ಪಕ್ಕದ ಹಲ್ಲು ವಾಲಿ ಹೊಸ ಹಲ್ಲಿಗೆ ಜಾಗ ತಪ್ಪುತ್ತದೆ. ಅಗಿಯಲಾಗದೆ ಊಟ ಕಡಿಮೆಯಾಗುತ್ತದೆ, ಊಟ ಕಡಿಮೆಯಾದರೆ ಕ್ಯಾಲಿಪರ್ ಹೊರುವ ಬಲವೂ ಕುಗ್ಗುತ್ತದೆ. ಮೂಳೆಯ ಸಾಲು, ಹಲ್ಲಿನ ಸಾಲು ಬೇರೆ ಬೇರೆ. ಎರಡರಲ್ಲೂ ನಿಲ್ಲಬೇಕಾದ ಮಗು ಒಂದೇ.

ಮನುಷ್ಯನನ್ನು ಇಡಿಯಾಗಿ ನೋಡಬೇಕೆಂಬ ಅರಿವನ್ನು ಬೆಳೆಸಿದವರಲ್ಲಿ ಕೊಚ್ಚಿ ಸೀಮೆಯಲ್ಲಿ ಹುಟ್ಟಿದ ಡಾ. ಮೇರಿ ವರ್ಗೀಸ್ ಒಬ್ಬರು. 1954ರ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಹೋದ ಮೇಲೂ ಗಾಲಿಕುರ್ಚಿಯಲ್ಲಿ ಕೂತು ಶಸ್ತ್ರಚಿಕಿತ್ಸೆ ಮಾಡಿದರು. ವೆಲ್ಲೂರಿನಲ್ಲಿ 1966ರಲ್ಲಿ ತೆರೆದ ಪುನರ್ವಸತಿ ಕೇಂದ್ರ ಅವರ ದುಡಿಮೆಯ ಫಲ.

2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲಿ ಸೊಟ್ಟಪಾದವೂ ಇದೆ, ಹುಳುಕು ಹಲ್ಲೂ ಇದೆ. ಇಂಥ ಮಕ್ಕಳ ತಪಾಸಣೆಯ ಕೆಲಸಕ್ಕೆ ಹೊಸದಾಗಿ ಬರುವ ನೀವು ಮಗುವಿನ ಬೂಟು ಸರಿಯಾಗಿ ಕೂರುತ್ತದೆಯೇ ನೋಡಿ. ಹಾಗೆಯೇ ಕೆನ್ನೆ ಸರಿಸಿ ಹಿಂದಿನ ದವಡೆಹಲ್ಲನ್ನೂ ನೋಡಿ. ಮುಂದಿನ ತಪಾಸಣೆಯ ದಿನ ಊರಿಂದ ಬರಲು ತಂದೆತಾಯಿಗೆ ಅನುಕೂಲವಿದೆಯೇ ಎಂದು ಕೇಳಿದ ಮೇಲೆಯೇ ಚೀಟಿ ಬರೆಯಿರಿ.